ಸಿಹಿ ಬಿಸ್ಕೀಟು, ಖಾರ ಬಿಸ್ಕೀಟು

ಕಳೆದ ದೀಪಾವಳಿಗೆ ಬಾಗಲಕೋಟೆಯ ನವನಗರದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಫರಾಳದ ತಾಟಿನಲ್ಲಿ ಚಕ್ಕುಲಿ, ಶಂಕರಪಾಳಿ, ಅವಲಕ್ಕಿ ಚೂಡಾಗಳ ಬದಿಗೆ ಅಂಗಡಿಯಿಂದ ತಂದ ಬಿಸ್ಕೀಟಿನ ಡಬ್ಬಿಯೊಂದು ಕುಳಿತಿತ್ತು. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ‘ಮನೆಯಲ್ಲಿ ತಯಾರಿಸಿದ್ದು’ ಎಂದು ಅಚ್ಚಾಗಿತ್ತು. ಓದಲು ಕಲಿತ ಹೊಸತರಲ್ಲಿ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಹುಮ್ಮಸ್ಸು ಮಕ್ಕಳಿಗೆ. ನನ್ನ ಮೊಮ್ಮಗಳು ಅದನ್ನೂ ಓದಿ, “ಅಜ್ಜೀ, ಮನಿಯಾಗ ಮಾಡಿದ್ದು ಅಂದ್ರ ಯಾರ ಮನಿಯಾಗ?” ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಸುಮಾರು ಅರವತ್ತು ವರ್ಷಗಳ ಹಿಂದೆ ಹಳೆಯ ಬಾಗಲಕೋಟೆಯ ನಮ್ಮ ಮನೆಯಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂದಿತ್ತು. ಆಗ ಯಾರೂ ನಕ್ಕಿರಲಿಲ್ಲ. ಅದನ್ನು ನೆನೆಯುತ್ತ ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ಕಡೆಯ ಅಡಿಗೆಮನೆಗೆ ಒಂದೇ ಬೆಂಕಿ ಗೊತ್ತಿತ್ತು. ಅದು ಕೆಳಗಿನ ಬೆಂಕಿ. ಹಂಚಿನ ಮೇಲೆ ರೊಟ್ಟಿ, ಬುಟ್ಟಿಯಲ್ಲಿ ಎಣ್ಣೆ, ಪಾತೇಲಿಯಲ್ಲಿ ಸಾರು, ಎಲ್ಲಕ್ಕೂ ಉರಿ ತಳದಿಂದಲೇ. ಹುನಗುಂದ ತಾಲೂಕಿನ ಅಮೀನಗಡದ ಕರದಂಟು ನಾಡಿಗೆಲ್ಲ ಹೆಸರಾದುದು. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಒಣಹಣ್ಣುಗಳನ್ನು ಬೆಲ್ಲದ ಪಾಕಕ್ಕೆ ಸೇರಿಸಿ ಕತ್ತರಿಸಿದರೆ ಮುಗಿಯಿತು. ಅದಕ್ಕೂ ಮೇಲಿನ ಬೆಂಕಿ ಬೇಡ. ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರು ಯಾತ್ರಿಕರಿಗೆ ಬಡಿಸುವ ರೊಟ್ಟಿ, ಪಲ್ಯ, ಹಿಂಡಿಗಳೂ ಕೆಳಗಿನ ಬೆಂಕಿಯ ಮಕ್ಕಳೇ.

ಹಾಗೆಂದು ಬಿಸ್ಕೀಟು ನಮಗೆ ತೀರ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಆ ಮಾತಿನ ಮೂಲವು ಲ್ಯಾಟಿನ್ ಭಾಷೆಯದು. ಎರಡು ಸಲ ಬೇಯಿಸಿದ್ದು ಎಂದು ಅದರ ಅರ್ಥ. ಮೊದಲು ಬೇಯಿಸಿ, ಆಮೇಲೆ ಮಂದವಾದ ಕಾವಿನಲ್ಲಿ ಒಣಗಿಸಿದರೆ ತಿಂಡಿಯೊಳಗಿನ ತೇವವೆಲ್ಲ ಹೋಗಿ ಅದು ಬಹುದಿನ ಬಾಳುತ್ತದೆ. ನಮ್ಮ ಕಡಕ್ ರೊಟ್ಟಿಯನ್ನು ನೆನೆಯಿರಿ. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ಮತ್ತೊಮ್ಮೆ ಕಾಯಿಸುತ್ತೇವೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯದೂ ಅದೇ ಕ್ರಮ. ಮಾತಿನ ಅರ್ಥವನ್ನೇ ಹಿಡಿದು ಹೊರಟರೆ ಕಡಕ್ ರೊಟ್ಟಿ ನಮ್ಮ ನಾಡಿನ ಹಿರಿಯ ಬಿಸ್ಕೀಟು. ಆದರೆ ತುಪ್ಪ ಸಕ್ಕರೆಗಳ ಮಿದು ನಾನಖತಾಯಿಯನ್ನು ಹಂಚಿನ ಮೇಲೆ ಮಗುಚಿ ಹಾಕಲಾಗುವುದಿಲ್ಲ. ಮುಟ್ಟಿದರೆ ಮುರಿಯುವ ವಸ್ತು ಅದು. ಅದನ್ನು ಕದಲಿಸದೆ ನಾಲ್ಕೂ ಕಡೆಯಿಂದ ಕಾವು ಕೊಡಬೇಕು. ಅಂಥ ಕಾವು ಇದ್ದದ್ದು ಊರ ಭಟ್ಟಿಯಲ್ಲಿ.

ನಾನು ಸಣ್ಣವಳಿದ್ದಾಗ ದೀಪಾವಳಿಗೆ ಹತ್ತು ದಿನ ಮುಂಚೆ ಭಟ್ಟಿಯ ಮುಂದೆ ಸಾಲು ಹತ್ತುತ್ತಿತ್ತು. ಮನೆಮನೆಯಿಂದ ಮೈದಾ, ಸಕ್ಕರೆ, ತುಪ್ಪ ಅಥವಾ ಡಾಲ್ಡಾ, ಯಾಲಕ್ಕಿಗಳನ್ನು ಒಯ್ಯುವುದು. ಭಟ್ಟಿಯವರು ಅಲ್ಲಿಯೇ ಕಲಸಿ, ಉಂಡೆ ಮಾಡಿ, ತಗಡಿನ ಮೇಲೆ ಇಟ್ಟು ಸುಟ್ಟುಕೊಡುವುದು. ನಾವು ಕೂಲಿ ಕೊಟ್ಟು ಡಬ್ಬಿ ತುಂಬಿಕೊಂಡು ಬರುವುದು. ಹೆಂಗಸರಿಗಿಂತ ಮಕ್ಕಳೇ ಅಲ್ಲಿ ಹೆಚ್ಚು. ನಮ್ಮ ಮನೆಯ ತುಪ್ಪ ಬೇರೆಯವರ ತಗಡಿಗೆ ಹೋಗದಂತೆ ಕಾಯುವ ಜವಾಬ್ದಾರಿ ನಮ್ಮದು! ಜಾಲಿಯ ಕಟ್ಟಿಗೆ ಉರಿದು ಕೆಂಡವಾದ ಮೇಲೆ ಅದನ್ನೆಲ್ಲ ಹೊರಗೆಳೆದು, ಒದ್ದೆ ಗೋಣಿತಾಟಿನಿಂದ ಒಳನೆಲವನ್ನು ಒರೆಸುತ್ತಿದ್ದರು. ಉರಿ ಇರುವುದಿಲ್ಲ, ಇಟ್ಟಿಗೆಯ ಗೋಡೆ, ಕಮಾನು, ನೆಲಗಳು ಕುಡಿದ ಕಾವು ಮಾತ್ರ ಉಳಿದಿರುತ್ತದೆ. ಆ ಕಾವಿನ ಮೊದಲ ಜೋರು ಬ್ರೆಡ್ಡಿಗೆ, ಅದು ಇಳಿದ ಮೇಲೆ ನಾನಖತಾಯಿಗೆ, ಇನ್ನೂ ಇಳಿದ ಮೇಲೆ ಟೋಸ್ಟು ಒಣಗಿಸುವುದಕ್ಕೆ. ಒಂದೇ ಬೆಂಕಿಯನ್ನು ಮೂರು ಸಲ ಬಳಸಿಕೊಳ್ಳುವ ಜಾಣತನ.

ನಾನಖತಾಯಿಯ ಹುಟ್ಟನ್ನು ಸೂರತ್ ನಗರಕ್ಕೆ ಹೇಳುವ ರೂಢಿಯಿದೆ. ಅಲ್ಲಿಯ ಡಚ್ಚರ ಬೇಕರಿಯನ್ನು ಒಬ್ಬ ಪಾರ್ಸಿ ಗೃಹಸ್ಥರು ಮುಂದುವರಿಸಿಕೊಂಡು ಬಂದರೆಂದೂ ಅಲ್ಲಿಂದ ಇದು ಹರಡಿತೆಂದೂ ಕಥೆ. ‘ನಾನ್’ ಎಂಬುದು ರೊಟ್ಟಿಗೆ ಪಾರಸಿ ಮಾತು. ಇಂದು ಮಕ್ಕಳ ಬಾಯಲ್ಲಿರುವ ‘ಕುಕಿ’ ಎಂಬುದಕ್ಕೆ ಮೂಲವೂ ಡಚ್ಚರ ಭಾಷೆಯೇ. ಪುಟ್ಟ ಕೇಕು ಎಂದು ಅದರ ಅರ್ಥ. ಹೀಗೆ ಡಚ್ಚರು, ಪಾರ್ಸಿಗಳು, ಗುಜರಾತಿಗಳು, ಕೊನೆಗೆ ನಮ್ಮೂರ ಭಟ್ಟಿಯ ಮುಸಲ್ಮಾನ ಕುಟುಂಬ, ಇಷ್ಟು ಜನರ ಕೈದಾಟಿ ಬಂದ ತಿಂಡಿ ನಮ್ಮ ಡಬ್ಬಿಯೊಳಗೆ ಕುಳಿತಿರುತ್ತಿತ್ತು.

ತೊಂದರೆ ಅಲ್ಲಿಯೇ ಇತ್ತು. ನನ್ನ ಅಜ್ಜಿಗೆ ಹೊರಗಿನದು ನಡೆಯುತ್ತಿರಲಿಲ್ಲ. ಭಟ್ಟಿಯ ಡಬ್ಬಿಗೆ ಪಡಸಾಲೆಯ ಮಾಡವೇ ಗತಿ. ಅಡಿಗೆಮನೆಯ ಹೊಸ್ತಿಲನ್ನು ಅದು ದಾಟಕೂಡದು. ಅಜ್ಜಿ ಕಠಿಣಳಲ್ಲ. ಭಟ್ಟಿಯವರ ಹೆಂಡತಿ ಬಾಣಂತಿಯಾದಾಗ ಅಂಟಿನ ಉಂಡಿ ಕಟ್ಟಿ ಕಳಿಸಿದ್ದಳು. ಕೊಡುವುದಕ್ಕೆ ಅವಳಿಗೆ ಅಡ್ಡಿಯಿರಲಿಲ್ಲ, ತೆಗೆದುಕೊಳ್ಳುವುದಕ್ಕೆ ಇತ್ತು. ಇದು ಆಗ ನಮಗೆ ವಿಚಿತ್ರವೆಂದು ತೋರುತ್ತಿರಲಿಲ್ಲ. ಎಲ್ಲರ ಮನೆಯಲ್ಲಿಯೂ ಅಷ್ಟೇ ಎಂದುಕೊಂಡಿದ್ದೆವು.

1967ರ ಮಾತು. ಆ ವರ್ಷ ಅಜ್ಜಿಯ ಕೊನೆಯ ಹಲ್ಲುಗಳೂ ಬಿದ್ದವು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣುವುದಾಯಿತು. ಚಕ್ಕುಲಿ, ಕೋಡಬಳಿ ಮುಗಿದ ಮಾತು. ಬಾಯಲ್ಲಿ ಇಟ್ಟರೆ ಕರಗುವ ನಾನಖತಾಯಿ ಮಾಡದಲ್ಲಿ ಕುಳಿತಿರುವಾಗ, ಮನೆಯ ಹಿರಿಯ ಜೀವ ಹಬ್ಬದ ದಿನ ಬರೀ ಹಾಲು ಕುಡಿಯುವುದನ್ನು ನೋಡಲಾರದೆ ಅವ್ವ ಒಂದು ನಿಶ್ಚಯ ಮಾಡಿದಳು. ಮನೆಯಲ್ಲಿಯೇ ಸುಟ್ಟರಾಯಿತು, ಆಗ ಅತ್ತೆಯವರ ತಕರಾರು ಉಳಿಯುವುದಿಲ್ಲ.

ಹಬ್ಬ ಮುಗಿದ ಮರುದಿನವೇ ಪಾತೇಲಿಯಲ್ಲಿ ತಾಟನ್ನಿಟ್ಟು, ಮೇಲೆ ಮುಚ್ಚಿ, ಒಲೆಗೇರಿಸಿದಳು. ಹತ್ತು ನಿಮಿಷಕ್ಕೆ ಸೀದ ವಾಸನೆ. ತೆಗೆದು ನೋಡಿದರೆ ಕೆಳಗೆ ಇದ್ದಲಿ, ಮೇಲೆ ಹಸಿ ಹಿಟ್ಟು. ಉರಿ ಕಡಿಮೆ ಮಾಡಿದಾಗ ತುಪ್ಪವೆಲ್ಲ ಕರಗಿ ಹರಿದು ತಾಟಿನ ತುಂಬ ಒಂದೇ ಹಪ್ಪಳವಾಯಿತು. ಸಕ್ಕರೆಯೂ ತುಪ್ಪವೂ ಅಪರೂಪವಾಗಿದ್ದ ದಿನಗಳು ಅವು. ಮೂರನೆಯ ಸಲ ಕೆಟ್ಟಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಹೊಗೆಯ ಕಾರಣ ಎಂದಳು.

ಮರುದಿನ ನನ್ನನ್ನು ಕರೆದುಕೊಂಡು ಭಟ್ಟಿಗೆ ಹೋದಳು. ಭಟ್ಟಿಯ ಹಿರಿಯರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವ್ವ ಸುಟ್ಟುಹೋದ ಎರಡು ಬಿಸ್ಕೀಟುಗಳನ್ನು ಅವರ ಮುಂದೆ ಇಟ್ಟಳು. ಅವರು ಅವನ್ನು ತಿರುವಿ ನೋಡಿ ಹೇಳಿದರು: “ಅಕ್ಕಾರ, ಹದಾ ಬರೋಬರಿ ಐತ್ರಿ. ನಿಮ್ಮ ಒಲಿಗೆ ಮ್ಯಾಲಿನ ಬೆಂಕಿ ಇಲ್ರಿ, ಅಷ್ಟ.”

ತಮ್ಮ ಗಿರಾಕಿ ಕೈತಪ್ಪುತ್ತದೆ ಎಂಬ ಯೋಚನೆ ಅವರಿಗೆ ಬಂದಿರಲಾರದೇ? ಬಂದಿದ್ದರೂ ತೋರಿಸಲಿಲ್ಲ. ಮಾರನೆಯ ಮಧ್ಯಾಹ್ನ ನಮ್ಮ ಹಿತ್ತಲಿಗೆ ಬಂದರು. ಒಳಗೆ ಕಾಲಿಡಲಿಲ್ಲ, ಯಾರೂ ಕರೆಯಲೂ ಇಲ್ಲ. ಬೇವಿನ ಗಿಡದ ಕೆಳಗೆ ಮೂರು ಕಲ್ಲು ಹೂಡಿಸಿ, ದಪ್ಪ ತಳದ ಹಿತ್ತಾಳೆಯ ಪಾತೇಲಿ ತರಿಸಿದರು. ಹೊಳೆಯ ಉಸುಕು ಬೇಕೆಂದರು. ಬಾದಾಮಿ ತಾಲೂಕಿನ ಮಲಪ್ರಭೆಯ ದಂಡೆ ಅಜ್ಜಿಯ ತವರು. ಅಲ್ಲಿಂದ ಸೋದರಮಾವ ಮುಂದಿನ ವಾರ ಒಂದು ಚೀಲ ಉಸುಕು ತಂದ. ಅದನ್ನು ಸೋಸಿ, ತೊಳೆದು, ಬಿಸಿಲಿಗೆ ಹರವಿ ಒಣಗಿಸಿದೆವು. ಕಾಕಾ ಮತ್ತೆ ಬಂದರು.

ಅವರು ಕಲಿಸಿದ ಕ್ರಮ ಇದು. ಪಾತೇಲಿಯ ತಳದಲ್ಲಿ ಎರಡು ಬೆರಳಿನಷ್ಟು ಉಸುಕು. ಉಸುಕು ಕಾವನ್ನು ನಿಧಾನವಾಗಿ ಕುಡಿದು ನಿಧಾನವಾಗಿ ಬಿಡುತ್ತದೆ. ಒಲೆಯ ಉರಿ ಏರಿಳಿದರೂ ತಿಂಡಿಗೆ ಅದು ತಾಗುವುದಿಲ್ಲ. ಉಸುಕಿನ ಮೇಲೆ ಒಂದು ಸಿಂಬಿ, ಅದರ ಮೇಲೆ ತಾಟು. ಎರಡರ ನಡುವೆ ಗಾಳಿ ಆಡಬೇಕು. ಮೇಲೆ ಅಂಚಿರುವ ತಗಡಿನ ಮುಚ್ಚಳ, ಆ ಮುಚ್ಚಳದ ಮೇಲೆ ಕೆಂಡ. ಕೆಳಗೆ ಎಷ್ಟು ಕೆಂಡವೋ ಅದಕ್ಕಿಂತ ಮೇಲೆ ತುಸು ಹೆಚ್ಚು. ಕಾವು ಸರಿಯಾಯಿತೇ ಎಂದು ತಿಳಿಯಲು ಒಣ ಮೈದಾದ ಒಂದು ಚಿಟಿಕೆಯನ್ನು ಬಿಸಿ ತಾಟಿನ ಮೇಲೆ ಉದುರಿಸಬೇಕು. ಅದು ಕೂಡಲೇ ಕಪ್ಪಾದರೆ ಕಾವು ಹೆಚ್ಚು. ಬೆಳ್ಳಗೇ ಉಳಿದರೆ ಕಡಿಮೆ. ಮೆಲ್ಲಗೆ ಬಾದಾಮಿಯ ಬಣ್ಣಕ್ಕೆ ತಿರುಗಿದರೆ ಹದ. ಉಷ್ಣಮಾಪಕವಿಲ್ಲದ ಕಾಲದ ಉಷ್ಣಮಾಪಕ ಅದು. ಇಂದು ನಾನು ವಿದ್ಯುತ್ ಒಲೆಯಲ್ಲಿ 170 ಡಿಗ್ರಿ ಇಟ್ಟು ಮಾಡುವ ಕೆಲಸವನ್ನು ಕಾಕಾ ಒಂದು ಚಿಟಿಕೆ ಹಿಟ್ಟಿನಿಂದ ಮಾಡುತ್ತಿದ್ದರು.

ಆ ದಿನದ ನಾನಖತಾಯಿಗಳು ಮೇಲೆ ಸಣ್ಣಗೆ ಬಿರಿದು, ಕೆಳಗೆ ಹೊಂಬಣ್ಣ ತಳೆದು ಎದ್ದವು. ಅವ್ವ ಮೊದಲ ತಾಟನ್ನು ಅಜ್ಜಿಯ ಮುಂದೆ ಇಟ್ಟಳು. ಅಜ್ಜಿ ಒಂದನ್ನು ಕೈಗೆ ತೆಗೆದುಕೊಂಡು, ಕೇಳಬಾರದಿತ್ತೋ ಏನೋ, ಕೇಳಿಯೇಬಿಟ್ಟಳು: “ಇದನ್ನ ಯಾರು ಕಲಿಸಿದ್ರು ನಿನಗ?”

ಅವ್ವ ಸುಳ್ಳು ಹೇಳಬಹುದಾಗಿತ್ತು. ಹಿತ್ತಲಿಗೆ ಕಾಕಾ ಬಂದಾಗಲೆಲ್ಲ ಅಜ್ಜಿ ಒಳಗೆ ಮಲಗಿದ್ದಳು. ಒಲೆ ನಮ್ಮದು, ಪಾತೇಲಿ ನಮ್ಮದು, ಹಿಟ್ಟು ತುಪ್ಪ ನಮ್ಮವು, ಉಸುಕು ಅಜ್ಜಿಯ ತವರಿನದು. ಮನೆಯಲ್ಲಿ ಮಾಡಿದ್ದು ಎನ್ನಲು ಇನ್ನೇನು ಬೇಕು? ಆದರೂ ಅವ್ವ ನಿಜವನ್ನೇ ಹೇಳಿದಳು. “ಭಟ್ಟಿ ಕಾಕಾ ಕಲಿಸಿದ್ರು, ಅತ್ತಿ.” ಅಜ್ಜಿ ಆ ಬಿಸ್ಕೀಟನ್ನು ತಾಟಿನಲ್ಲಿ ಮರಳಿ ಇಟ್ಟಳು.

ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ಸಂಜೆ ಅಜ್ಜಿ ನನ್ನನ್ನು ಕರೆದು, “ಆ ಡಬ್ಬಿ ತಾ” ಎಂದಳು. ಬಟ್ಟಲಲ್ಲಿ ಹಾಲು ಹಾಕಿಸಿಕೊಂಡು, ಒಂದನ್ನು ಅದ್ದಿ ತಿಂದಳು. ಇನ್ನೊಂದು ತಿಂದಳು. ಆಮೇಲೆ ಅವ್ವನಿಗೆ ಕೇಳಿಸುವಂತೆ, “ಅವರ ಮನಿಗೂ ನಾಕು ಕೊಟ್ಟು ಕಳಸು, ಕಲಿಸಿದವರು ಹದಾ ನೋಡಲಿ” ಎಂದಳು. ನಾನೇ ಒಯ್ದು ಕೊಟ್ಟೆ. ಕಾಕಾ ಒಂದನ್ನು ಮುರಿದು ನೋಡಿ, “ಯಾಲಕ್ಕಿ ಸ್ವಲ್ಪ ಜಾಸ್ತಿ ಆತು ಅಂತ ಹೇಳು” ಎಂದರು.

ಇಲ್ಲಿ ಕಥೆಯನ್ನು ಹಿಗ್ಗಿಸುವ ಆಸೆಯನ್ನು ತಡೆಯಬೇಕು. ಅಜ್ಜಿ ತನ್ನ ಕೊನೆಯವರೆಗೂ ಭಟ್ಟಿಯಲ್ಲಿ ಸುಟ್ಟ ತಿಂಡಿಯನ್ನು ತಿನ್ನಲಿಲ್ಲ. ಕಾಕಾ ನಮ್ಮ ಅಡಿಗೆಮನೆಗೆ ಬರಲಿಲ್ಲ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ನಮ್ಮ ಹುನಗುಂದ ಸೀಮೆಯಲ್ಲಿಯೇ ಇದ್ದರೂ, ಹನ್ನೆರಡನೆಯ ಶತಮಾನದ ಆ ದೊಡ್ಡ ಮಾತು ನಮ್ಮ ಹೊಸ್ತಿಲುಗಳನ್ನು ಪೂರ್ತಿ ದಾಟಿರಲಿಲ್ಲ. ಹಿತ್ತಲವರೆಗೆ ಬಂದು ನಿಂತಿತ್ತು. ಆದರೆ ನಾಲ್ಕು ಬಿಸ್ಕೀಟಿನಷ್ಟು ಅಂತರ ಕಡಿಮೆಯಾದದ್ದನ್ನು ನಾನು ಕಣ್ಣಾರೆ ಕಂಡೆ. ಕಡಿಮೆಯಾಗಲು ಕಾರಣ ಅವ್ವನ ಆ ಒಂದು ನಿಜ.

1979ರಲ್ಲಿ ಮದುವೆಯಾಗಿ ಇಳಕಲ್ಲಿಗೆ ಬಂದಾಗ ಅವ್ವ ಅರ್ಧ ಉಸುಕನ್ನು ಡಬ್ಬಿಯಲ್ಲಿ ತುಂಬಿಕೊಟ್ಟಳು. ಬಸ್ಸಿನಲ್ಲಿ ಕಂಡಕ್ಟರರು ಇದೇನೆಂದು ಕೇಳಿದಾಗ ನಾಚಿಕೆಯಿಂದ ರಂಗೋಲಿ ಎಂದಿದ್ದೆ. ಇಳಕಲ್ಲಿನಲ್ಲಿ ನಮ್ಮದು ಮಗ್ಗದ ಮನೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ಕುಳಿತವರಿಗೆ ನಾಲ್ಕು ಗಂಟೆಯ ಚಹಾದ ಜೊತೆ ಸಿಹಿ ಸೇರುತ್ತಿರಲಿಲ್ಲ. “ಖಾರದ್ದೇನರ ಮಾಡವಾ” ಎಂದರು ಅತ್ತೆ. ತುಪ್ಪದ ಕೈ ರೇಷ್ಮೆಯ ಸೆರಗಿಗೆ ತಾಗಬಾರದೆಂದು ಮಗ್ಗ ನಿಂತ ಮೇಲೆ, ರಾತ್ರಿ, ನನ್ನ ಪ್ರಯೋಗಗಳು ನಡೆಯುತ್ತಿದ್ದವು. ಸಿಹಿಯ ಹಿಟ್ಟಿನಲ್ಲಿ ಸಕ್ಕರೆ ತೆಗೆದು ಉಪ್ಪು ಖಾರ ಹಾಕಿದರೆ ಖಾರ ಬಿಸ್ಕೀಟಾಗುತ್ತದೆ ಎಂದು ತಿಳಿದಿದ್ದೆ. ಮೊದಲ ಸಲ ಆದದ್ದು ಕಲ್ಲು. ಅದೂ ಇಳಕಲ್ಲಿನ ಕಲ್ಲು.

ಕಾರಣ ತಿಳಿಯಲು ನನಗೆ ಬಹುಕಾಲ ಹಿಡಿಯಿತು. ಸಕ್ಕರೆ ಬರೀ ರುಚಿಗಲ್ಲ. ತುಪ್ಪವನ್ನು ಸಕ್ಕರೆಪುಡಿಯೊಡನೆ ಬೆಳ್ಳಗಾಗುವವರೆಗೆ ನಾದಿದಾಗ ಅದರಲ್ಲಿ ಗಾಳಿ ಸೇರುತ್ತದೆ. ಕಾವಿಗೆ ಸಕ್ಕರೆ ಕರಗಿ ಹಿಟ್ಟು ಹರಡಿ ಹಗುರಾಗುತ್ತದೆ. ಹೊಂಬಣ್ಣಕ್ಕೂ ಅದೇ ಮುಖ್ಯ ಕಾರಣ. ಸಕ್ಕರೆಯಿಲ್ಲದ ಹಿಟ್ಟು ಹರಡುವುದಿಲ್ಲ, ಬೇಗ ಬಣ್ಣ ತಳೆಯುವುದಿಲ್ಲ. ಬಣ್ಣ ಬರಲೆಂದು ಕಾಯುತ್ತ ಕುಳಿತರೆ ಒಣಗಿ ಕಲ್ಲಾಗುತ್ತದೆ. ಅದರ ಮೇಲೆ ನಾನು ನೀರು ಹಾಕಿ ಚಪಾತಿಯ ಹಿಟ್ಟಿನಂತೆ ನಾದಿದ್ದೆ. ಗೋಧಿಯ ಜಿಗುಟು ನೀರು ಕಂಡರೆ ಬಲಿಯುತ್ತದೆ. ತುಪ್ಪ ಬೆಣ್ಣೆಗಳು ಹಿಟ್ಟಿನ ಕಣಕಣವನ್ನೂ ಸವರಿ ಆ ಜಿಗುಟನ್ನು ತಡೆಯುತ್ತವೆ. ಆದ್ದರಿಂದಲೇ ಬಿಸ್ಕೀಟು ಪುಡಿಪುಡಿಯಾಗಿ ಬಾಯಲ್ಲಿ ಕರಗುವುದು. ನಮ್ಮ ಕಡೆ ಬೆಳೆಯುವ ಜವೆಗೋಧಿಯ ಜಿಗುಟು ಮೆದು. ಅದರ ಹಿಟ್ಟನ್ನು ಅರ್ಧಕ್ಕರ್ಧ ಬೆರೆಸಿದಾಗ ಖಾರ ಬಿಸ್ಕೀಟು ನನ್ನ ಕೈಗೆ ಒಲಿಯಿತು.

ಮಾಡಿ ನೋಡಬಯಸುವವರಿಗೆ ಅಳತೆಗಳನ್ನು ಹೇಳುತ್ತೇನೆ. ಸಿಹಿಗೆ 200 ಗ್ರಾಂ ಮೈದಾ, 50 ಗ್ರಾಂ ಕಡಲೆಹಿಟ್ಟು, 125 ಗ್ರಾಂ ಗಟ್ಟಿತುಪ್ಪ, 125 ಗ್ರಾಂ ಸಕ್ಕರೆಪುಡಿ, ಕಾಲು ಚಮಚ ಸೋಡಾ, ಯಾಲಕ್ಕಿ, ಜಾಯಿಕಾಯಿ. ನೀರು ಬೇಡವೇ ಬೇಡ. ಉಂಡೆ ಮಾಡಿ, ತುಸು ಒತ್ತಿ, ಒಂದರಿಂದ ಒಂದು ದೂರವಿಟ್ಟು ಹದಿನೈದರಿಂದ ಹದಿನೆಂಟು ನಿಮಿಷ ಸುಡಬೇಕು. ತೆಗೆಯುವಾಗ ಮೆತ್ತಗೇ ಇರುತ್ತವೆ. ಆರಿದ ಮೇಲೆ ಗಟ್ಟಿಯಾಗುತ್ತವೆ. ಹೊಸಬರು ಇದನ್ನರಿಯದೆ ಇನ್ನೂ ಐದು ನಿಮಿಷ ಬಿಟ್ಟು ಕೆಡಿಸುತ್ತಾರೆ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಖಾರಕ್ಕೆ ಮೈದಾ, ಜವೆಗೋಧಿಹಿಟ್ಟು ಕೂಡಿ 250 ಗ್ರಾಂ, ಬೆಣ್ಣೆ 100 ಗ್ರಾಂ, ಸಕ್ಕರೆ ಎರಡು ಚಮಚ, ಉಪ್ಪು ಒಂದು ಚಮಚ, ಕಾಲು ಚಮಚ ಸೋಡಾ, ಹಿಟ್ಟು ಕೂಡಿಕೊಳ್ಳುವಷ್ಟೇ ಗಟ್ಟಿಮೊಸರು. ಜೀರಿಗೆ, ಅಜಿವಾನ, ಬಿಳಿ ಎಳ್ಳು, ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ, ನೆರಳಿಗೆ ಒಣಗಿಸಿದ ಕರಿಬೇವು. ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿದರೆ ರುಚಿ ಹೆಚ್ಚು, ಆದರೆ ಅವುಗಳ ತೇವದಿಂದ ಬಹುದಿನ ಬಾಳುವುದಿಲ್ಲ. ಲಟ್ಟಿಸಿ, ಕತ್ತರಿಸಿ, ಉಬ್ಬದಂತೆ ಚುಚ್ಚಿ, ಸಿಹಿಗಿಂತ ಮಂದವಾದ ಕಾವಿನಲ್ಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷ ಸುಟ್ಟು, ಬೆಂಕಿ ತೆಗೆದ ಮೇಲೆ ಆರುವ ಕಾವಿನಲ್ಲಿಯೇ ಮತ್ತೆ ಹತ್ತು ನಿಮಿಷ ಬಿಡಬೇಕು. ಒಲೆಯ ಬದಿಗೆ ಆನಿಸಿದ ಕಡಕ್ ರೊಟ್ಟಿಯ ಪಾಠವೇ ಅದು. ಒಂದೇ ತಾಟಿನಲ್ಲಿ ಸಿಹಿಯನ್ನೂ ಖಾರವನ್ನೂ ಸುಡಬೇಡಿ. ಒಂದರ ಹೊತ್ತು ಇನ್ನೊಂದಕ್ಕಾಗದು.

ವಿದ್ಯುತ್ ಒಲೆಯಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರವಿ ಮಾಡಬಹುದು. ಕುಕ್ಕರಿನಲ್ಲಿ ಮಾಡುವುದಾದರೆ ರಬ್ಬರಿನ ಸುತ್ತು ಮತ್ತು ಸೀಟಿಯನ್ನು ತೆಗೆದಿಡಲೇಬೇಕು. ಅಂಟದ ಲೇಪವಿರುವ ಪಾತ್ರೆಗಳನ್ನು ಬರಿದೆ ಕಾಯಿಸಬಾರದು.

ಹಳೆಯ ಬಾಗಲಕೋಟೆಯ ನಮ್ಮ ಓಣಿ ಈಗ ಇಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ಶತಮಾನದ ಆರಂಭದ ವರ್ಷಗಳಲ್ಲಿ ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಊರಿನ ತಗ್ಗುಭಾಗವನ್ನು ತೆಗೆದುಕೊಂಡಿತು. ಮನೆಗಳ ಮೇಲೆ ನಂಬರು ಬರೆದರು, ಪರಿಹಾರ ಲೆಕ್ಕ ಹಾಕಿದರು, ಜನ ನವನಗರಕ್ಕೆ ಹೋದರು. ಬಾಗಿಲು, ತೊಲೆ, ಕಟ್ಟಿಗೆಗಳನ್ನು ಬಿಚ್ಚಿ ಒಯ್ಯಬಹುದು. ಭಟ್ಟಿಯನ್ನು ಬಿಚ್ಚಿ ಒಯ್ಯಲಾಗುವುದಿಲ್ಲ. ಅದರ ಕಮಾನು ಅಲ್ಲಿಯೇ ಉಳಿಯಿತು. ಕಾಕಾ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಅವ್ವ ಮನೆ ಬಿಡುವಾಗ ಉಳಿದ ಅರ್ಧ ಉಸುಕನ್ನು ಡಬ್ಬಿಯಲ್ಲಿ ತುಂಬಿಕೊಂಡಳು. ಮಲಪ್ರಭೆಯ ಕೆಂಪು ಉಸುಕು ಬೆಂಕಿ ಕುಡಿದು ಕುಡಿದು ಆಗಲೇ ಕಪ್ಪಾಗಿತ್ತು.

ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ. ಮನೆಯಲ್ಲಿ ಮಾಡಿದ್ದು ಎಂದರೆ ಯಾರ ಮನೆಯಲ್ಲಿ? ಆ ಮಾತಿನಲ್ಲಿ ಶುಚಿಯ, ಮಮತೆಯ ಭರವಸೆಯಿದೆ ನಿಜ. ಜೊತೆಗೆ, ಬೇರೆಯವರ ಕೈ ತಾಗಿಲ್ಲವೆಂಬ ಒಂದು ಸಣ್ಣ ಹೆಮ್ಮೆಯೂ ಅಡಗಿರುತ್ತದೆ. ನನ್ನ ಅಜ್ಜಿಗೆ ಬೇಕಾಗಿದ್ದದ್ದು ಆ ಭರವಸೆ. ಅವ್ವ ಅದನ್ನು ಕೊಡಲಾರದೆ ಹೋದಳು. ಬೇರೆಯವರ ಕೈ ತಾಗದ ಬಿಸ್ಕೀಟು ನಮ್ಮ ಮನೆಯಲ್ಲಿ ಮೂರು ಸಲ ಕೆಟ್ಟಿತ್ತು. ಕಲಿಸಿದವರ ಹೆಸರನ್ನು ಮುಚ್ಚಿಟ್ಟಿದ್ದರೆ ನಾನಖತಾಯಿ ಅದೇ ರುಚಿಯದಾಗಿರುತ್ತಿತ್ತು. ಮನೆ ಮಾತ್ರ ಸ್ವಲ್ಪ ಸಣ್ಣದಾಗಿ ಉಳಿಯುತ್ತಿತ್ತು.

ಮರುದಿನ ಮೊಮ್ಮಗಳನ್ನು ಕೂಡಿಸಿಕೊಂಡು ವಿದ್ಯುತ್ ಒಲೆಯಲ್ಲಿಯೇ ಎರಡು ತಾಟು ಮಾಡಿದೆ, ಒಂದು ಸಿಹಿ, ಒಂದು ಖಾರ. ಗುಂಡಿ ತಿರುಗಿಸಿದರೆ ಕಾವು ತಿಳಿಯುವ ಯಂತ್ರವಿದ್ದರೂ ಒಂದು ಚಿಟಿಕೆ ಮೈದಾವನ್ನು ಬಿಸಿ ತಾಟಿನ ಮೇಲೆ ಉದುರಿಸಿ ತೋರಿಸಿದೆ. ಅದು ಬಾದಾಮಿಯ ಬಣ್ಣಕ್ಕೆ ತಿರುಗಿದಾಗ ಅವಳಿಗೆ ಸೋಜಿಗ. “ಇದನ್ನ ಯಾರು ಕಲಿಸಿದ್ರು ಅಜ್ಜೀ ನಿನಗ?” ಎಂದಳು. ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಡಬ್ಬಿಯ ಮೇಲೆ ಅಂಟಿಸಲು ಒಂದು ಚೀಟಿ ಬರೆದಳು. ‘ಮನೆಯಲ್ಲಿ ಮಾಡಿದ್ದು’ ಎಂದು ಬರೆದು, ಅದರ ಕೆಳಗೆ ಸೊಟ್ಟ ಅಕ್ಷರಗಳಲ್ಲಿ ‘ಭಟ್ಟಿ ಕಾಕಾ ಕಲಿಸಿದ್ದು’ ಎಂದು ಸೇರಿಸಿದಳು.

ಆ ಡಬ್ಬಿ ಅಡಿಗೆಮನೆಯಲ್ಲಿಯೇ ಇದೆ.

(ಬಾನುಲಿ ಭಾಷಣ)